ಒಂದೊಂದಕ್ಕೂ ಅದರದರ ರಾತ್ರಿ

ನರೀನ್ ಪೇಟೆಯ ಹಿಂಬದಿ, ತಗಡಿನ ಡಬ್ಬಿಯಂಥ ಅಂಗಡಿ.
ಅಸನಾಲಿ ತಾತ ಕೈಗವಸು ತೆಗೆಯದೆಯೇ ಕೇಳಿದ:
ಲಾರಿ ಯಾವುದು?
ಕಮಾಜ್, ಅಂದೆ.
ಓಡಿಸೋದು ಯಾರು?
ನಾನು.
ತಾತ ಮುರ್ಜಾಬೆಕನ ಕಡೆ ನೋಡಿದ.
ಮುರ್ಜಾಬೆಕ್ ಸೂರಿನ ಕಡೆ ನೋಡಿದ.

ಬೆನ್ನು ಬಿದ್ದುಹೋದ ಗಂಡಸು ಅಂಗಡಿಗೆ ಹೋದರೆ
ಮೊದಲು ಕೈ ಹಾಕುವುದು ಅತಿ ಭಾರದ ವಸ್ತುವಿಗೇ.
ಚಕ್ರವಿರುವ ಕೆಂಪು ಪೆಟ್ಟಿಗೆ, ನೂರು ಆಂಪಿಯರು,
ಗುಂಡಿ ಒತ್ತಿದರೆ ಸತ್ತ ಲಾರಿಯೂ ಎದ್ದು ಕೂರುತ್ತದಂತೆ.
ಹೋದ ಚಳಿಗಾಲ ಇಂಥದ್ದೇ ಒಂದನ್ನು ಎರವಲು ತಂದು
ಎರಡೇ ಗಂಟೆಯಲ್ಲಿ ಬ್ಯಾಟರಿ ಕುದಿಸಿದ್ದು,
ಹೊಟ್ಟೆಯುಬ್ಬಿದ ಅದು ಕೊಳೆತ ಮೊಟ್ಟೆ ನಾರಿ
ಈಗ ಕುರಿದೊಡ್ಡಿಯ ಬಾಗಿಲಿಗೆ ಒತ್ತುಗಲ್ಲಾಗಿರುವುದು,
ನಾನು ನೆನಪಿಸಲಿಲ್ಲ.
ನೆನಪಿಸದೆ ಇರುವುದಕ್ಕೂ ಒಂದು ಸದ್ದಿದೆ.
ಪೆಟ್ಟಿಗೆಯನ್ನು ಅವನೇ ಹಿಂದಕ್ಕೆ ತಳ್ಳಿದ.

ತಾತ ಗಾಜಿಗೆ ಕಟ್ಟಿದ ಹಿಮದ ಮೇಲೆ ಉಗುರಲ್ಲಿ ಗೀಚಿದ:
ನೂರತೊಂಬತ್ತರ ಬ್ಯಾಟರಿ. ಹತ್ತನೇ ಒಂದು ಪಾಲು, ಹತ್ತೊಂಬತ್ತು.
ಅದನ್ನು ದಾಟಬೇಡ. ಕಮ್ಮಿಯಾದರೆ ಆಗಲಿ,
ನಮ್ಮ ರಾತ್ರಿಗಳಿಗೇನು ಬರವೇ?
ಕರೆಂಟು ಹೇಗೆ?
ಹೋಗುತ್ತೆ, ಬರುತ್ತೆ.
ಹಾಗಾದರೆ ಕರೆಂಟು ಬಂದೊಡನೆ ತಾನೇ ಶುರುವಾಗೋದು ಬೇಕು.
ಕೆಲವು ಇವೆ, ನೀನೇ ಹೋಗಿ ಗುಂಡಿ ಒತ್ತುವ ತನಕ
ಮುನಿದ ಬೀಗರ ಹಾಗೆ ಗೋಡೆ ಕಡೆ ಮುಖಮಾಡಿ ಕೂತಿರುತ್ತವೆ.

ಇನ್ನೊಂದು ಮಾತು.
ಎರಡು ಹನ್ನೆರಡು ಸೇರಿದರೆ ಇಪ್ಪತ್ತನಾಲ್ಕು, ಸರಿ.
ಜೋಡಿ ಕಟ್ಟಿಯೇ ಕರೆಂಟು ಬಿಟ್ಟೆಯೋ,
ಗಟ್ಟಿಯಿದ್ದದ್ದು ತುಂಬಿ, ಮತ್ತೂ ತುಂಬಿಸಿಕೊಂಡು ಕುದಿಯುತ್ತದೆ,
ಸೊರಗಿದ್ದು ಅರ್ಧಕ್ಕೇ ನಿಂತಿರುತ್ತದೆ.
ಮುಳ್ಳು ಮಾತ್ರ ಎರಡನ್ನೂ ಕೂಡಿಸಿ ನೋಡಿ
ಎಲ್ಲ ಸರಿಯಿದೆ ಅನ್ನುತ್ತದೆ.
ಬಿಚ್ಚಿ. ಬೇರೆ ಬೇರೆ ಇಡಿ.
ಒಂದೊಂದಕ್ಕೂ ಅದರದರ ರಾತ್ರಿ.

ಈ ಸಲ ಸೂರು ನೋಡಿದವಳು ನಾನು.

ಹನ್ನೆರಡು ವೋಲ್ಟು, ಹದಿನೈದು ಆಂಪಿಯರು,
ಒಂದು ರೊಟ್ಟಿಯುಂಡೆಯಷ್ಟು ಗಾತ್ರ, ಬೂದು ಬಣ್ಣ.
ಟೈರಿಗೆಂದು ಎತ್ತಿಟ್ಟ ಸೋಮ್‌ಗಳಲ್ಲಿ ಅರ್ಧ ಅದಕ್ಕೇ ಹೋಯಿತು.

ಶನಿವಾರ ಸಂಜೆ ಬ್ಯಾಟರಿಯನ್ನು ಮಕ್ಕಳ ಜಾರುಬಂಡಿಗೇರಿಸಿದೆವು.
ಎತ್ತಿದವಳು ನಾನು, ಹಗ್ಗ ಎಳೆದವನು ಅವನು.
ಒಲೆಯ ಹತ್ತಿರ ಬೇಡ, ಅದು ಬಿಡುವ ಉಸಿರಿಗೆ ಕಿಡಿ ತಾಗಬಾರದು,
ಹೊರಕೋಣೆಯಲ್ಲಿ, ಬಾಗಿಲು ಎರಡು ಬೆರಳು ತೆರೆದು.
ಒಳಗೆ ಮಂಜುಗಟ್ಟಿದ್ದರೆ ತಂತಿ ಮುಟ್ಟಿಸಲೇಬಾರದು:
ಮೈಮೇಲಿನ ಬಿಳುಪು ಬೆವರಾಗಿ ಇಳಿಯುವ ತನಕ
ಉಪ್ಪು ಹಾಕಿದ ಚಹಾ ಕುಡಿಯುತ್ತ ಕಾದೆವು,
ಬಾಣಂತಿಯ ಮನೆಯವರ ಹಾಗೆ, ಏನೂ ಮಾತಾಡದೆ.
ಆಮೇಲೆ ಕೆಂಪು. ಆಮೇಲೆ ಕಪ್ಪು.
ಕೊನೆಗೆ, ಬಿಸ್ಮಿಲ್ಲಾ ಅಂದು, ಗೋಡೆಯ ಪ್ಲಗ್ಗು.

ರಾತ್ರಿ ಅದರ ಗುಂಯ್ ಸದ್ದು.
ಕರೆಂಟು ಹೋಯಿತು. ಕತ್ತಲಲ್ಲಿ ಮುರ್ಜಾಬೆಕ್ ಎದ್ದು ಕೂತ.
ಬಂತು. ಕ್ಲಿಕ್.
ಮಲಗಿದ.
ಎಷ್ಟು ಸಲ ಹೀಗೆ ಕೂತು ಮಲಗಿದನೋ, ನಾನು ನಿದ್ದೆಹೋದೆ.
ಬೆಳಿಗ್ಗೆ ನೋಡಿದರೆ ಹಸಿರು ದೀಪ,
ಬ್ಯಾಟರಿಯ ಪಕ್ಕ ಅವನ ಕುರಿಚರ್ಮದ ಕೋಟು ಹಾಸಿತ್ತು,
ಅದರಲ್ಲಿ ಮೊಣಕೈ ಊರಿದ ಗುಳಿ.

ಭಾನುವಾರ ಇನ್ನೊಂದಕ್ಕೆ.

ಸೋಮವಾರ ಮೈನಸ್ ಮೂವತ್ತೊಂದು.
ಎರಡನ್ನೂ ಮತ್ತೆ ಜೋಡಿ ಕಟ್ಟಿದೆವು. ಅವನು ಬೋಲ್ಟು ತಿರುಗಿಸಿದ,
ನಾನು ಟಾರ್ಚು ಹಿಡಿದೆ.
ಕೀಲಿ ತಿರುಗಿಸಿದರೆ ಗಂಟಲು ಕೆಟ್ಟ ಒಂಟೆಯ ಗೊಣಗು.
ಮತ್ತೆ ಗೊಣಗು.
ನಂತರ ಇಡೀ ಅಂಗಳ ನಡುಗಿತು,
ಪಕ್ಕದ ಮನೆಯ ನಾಯಿ ಬೊಗಳಿ ಸುಸ್ತಾಯಿತು.

ಕಾರಾ-ಕೆಚೆಯ ಗಣಿಯಲ್ಲಿ ಕಲ್ಲಿದ್ದಲಿನ ಸಾಲು ಕಾಯುವುದಿಲ್ಲ.
ಹೊರಟೆ. ಕನ್ನಡಿಯಲ್ಲಿ ಅವನು
ಅಂಗಳದ ನಡುವೆ ನಿಂತು, ಉಣ್ಣೆ ಸುತ್ತುವವರ ಹಾಗೆ
ಅಂಗೈಗೂ ಮೊಣಕೈಗೂ ಚಾರ್ಜರಿನ ತಂತಿ ಸುತ್ತುತ್ತಿದ್ದ.
ಕೈ ಬೀಸಲಿಲ್ಲ.
ಎರಡೂ ಕೈಗೆ ಕೆಲಸವಿತ್ತು.