ಗಾಜು ಬೇಡ ಅಂದಳು

ಚೌಕಿಪೇಟೆಯ ಈ ಅಂಗಡಿಯಲ್ಲಿ ನಾನು
ದೇವರಿಗೆ, ಸತ್ತವರಿಗೆ, ಡಿಗ್ರಿ ಪಾಸಾದವರಿಗೆ
ಕಟ್ಟು ಹಾಕುತ್ತೇನೆ.
ಮೂವರಿಗೂ ಅದೇ ಗಾಜು, ಅದೇ ಅರ್ಧ ಇಂಚಿನ ಮೊಳೆ.
ಸತ್ತವರದು ಮಾತ್ರ ಅರ್ಜೆಂಟು.

ಆಕೆ ಬಂದದ್ದು ಕರೆಂಟು ಹೋದ ಮಧ್ಯಾಹ್ನ.
ಸುರುಳಿ ಸುತ್ತಿದ ಬಟ್ಟೆಯನ್ನು
ನಿದ್ದೆ ಹೋದ ಕೂಸನ್ನು ಇಳಿಸುವ ಹಾಗೆ
ಕೌಂಟರಿನ ಮೇಲೆ ಇಳಿಸಿ, ಬಿಡಿಸಿದಳು.
ನೋಡಿದೆ. ಮಸಿ.
ಬರೀ ಮಸಿ.
"ಏನಮ್ಮ, ಅಗಸರ ಮನೆಗೆ ಹೋಗಾದು ಬಿಟ್ಟು
ಇಲ್ಲಿಗೆ ತಂದೀಯಲ್ಲ?"

ನಕ್ಕಳು. ಹೆಸರು ಜುಲೇಖಾ,
ಮಂಡಕ್ಕಿ ಭಟ್ಟಿಯ ದಾದಾಪೀರನ ಮಗಳು.
ಚಿತ್ರಕಲಾ ಕಾಲೇಜಿನಲ್ಲಿ ಐದು ವರ್ಷ
ಸೇಬು, ಹೂಜಿ, ನೆರಿಗೆ ಬಿದ್ದ ಪರದೆ ಬರೆದವಳು.
"ಸೇಬು ಬರೆಯೋಕೆ ಕಲಿತೆ ಸಾರ್.
ನಮ್ಮನೇಗೆ ಸೇಬು
ಯಾರಿಗಾದ್ರೂ ಜ್ವರ ಬಂದಾಗ ಮಾತ್ರ ಬರ್ತಿತ್ತು."

ಈಗ ಭಟ್ಟಿಯ ಬಾಗಿಲಿಗೆ, ಹೊಗೆಗೆ ಎದುರಾಗಿ
ಹಾಸಿಗೆಯಗಲದ ಬಿಳಿ ಬಟ್ಟೆ ಕಟ್ಟುತ್ತಾಳಂತೆ.
ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತುತ್ತದೆ.
ಭತ್ತದ ಹೊಟ್ಟು ಉರಿದು, ಕಾದ ಮರಳಿನಲ್ಲಿ ಅಕ್ಕಿ
ಒಮ್ಮೆಗೇ ತನ್ನ ಅಂಗಿಗಿಂತ ದೊಡ್ಡದಾಗುತ್ತದೆ.
ಅಬ್ಬಾ ಜರಡಿ ಆಡಿಸುತ್ತಾನೆ, ಅಮ್ಮಿ ಚೀಲ ತುಂಬುತ್ತಾಳೆ.
ಬಟ್ಟೆ ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತದೆ
ನಲವತ್ತು ದಿನ.
"ನಾನೂ ಅಷ್ಟೇ. ಬರೆಯೋದು ಹೊಗೆ.
ನಾನು ಕಟ್ಟೋಳು, ಬಿಚ್ಚೋಳು."

ಮೂವತ್ತು ವರ್ಷ ಇಲ್ಲಿಗೆ ಬಂದ ಕಲಾವಿದರೆಲ್ಲ
"ನಾನು ಬರೆದೆ" ಅಂದವರೇ.
ಒಬ್ಬರಂತೂ ತಮ್ಮ ಸಹಿಯ ಬಾಲ ಫ್ರೇಮಿನಡಿ ಸಿಕ್ಕಿತೆಂದು
ದುಡ್ಡು ಕೊಡದೆ ಹೋದರು.
"ನಿನ್ನ ಸಹಿ ಎಲ್ಲೈತೆ ತಾಯಿ?"
ಬಲಗಡೆಯ ಅಂಚು ತೋರಿಸಿದಳು:
ಮಸಿ ನಿಲ್ಲದ, ನಾಲ್ಕು ಬೆರಳಗಲದ ಮಾಸಲು ಬಿಳುಪು.
ಚೀಲ ಹೊತ್ತು ಹೊರಬರುವಾಗೆಲ್ಲ
ಅಮ್ಮಿ ಬಟ್ಟೆ ಸರಿಸಲು ಹಿಡಿದ ಜಾಗ.
"ದಿನಾ ಬೈಕೊಂತಾನೇ ಹಿಡೀತಿದ್ಲು,
ಇದನ್ಯಾವಳು ಇಲ್ಲಿ ನೇತ್ಹಾಕಿದ್ದು ಅಂತ."

ಗಾಜು ಬೇಡ ಅಂದಳು.
"ಗಾಜಿಲ್ಲದಿದ್ರೆ ಉದುರುತ್ತೆ."
"ಉದುರಲಿ."
"ಕೊಂಡವರಿಗೆ ಏನು ಉಳೀತು?"
"ಕೊಳ್ಳೋರು ಯಾರದಾರೆ ಸಾರ್," ಅಂದು,
ಸ್ವಲ್ಪ ಹೊತ್ತು ಬೀದಿ ನೋಡಿ,
"ಅಬ್ಬಾನ ಎದೆಯೊಳಗೆ ಕೂತಿರೋದು ಉದುರಲ್ಲ.
ಇದಾದ್ರೂ ಉದುರಲಿ."

ಅಳತೆ ಟೇಪು ಎಳೆದೆ. ಬಿಟ್ಟೆ. ಮತ್ತೆ ಎಳೆದೆ.
ಧೂಳಿನಿಂದ ಚಿತ್ರ ಕಾಯುವುದು ನನ್ನ ಕಸುಬು;
ಧೂಳನ್ನೇ ಕಾಯುವ ಬಗೆ ಅಪ್ಪ ಕಲಿಸಿರಲಿಲ್ಲ.
ಅಪ್ಪ ಹತ್ತಿ ಗಿರಣಿಯವನು. ಗಿರಣಿ ಮುಚ್ಚಿದ ಮೇಲೆ ಈ ಅಂಗಡಿ.
ಕೆಮ್ಮಿದರೆ ತುಟಿಗೆ ಬಿಳಿ ಎಳೆ ಬರುತ್ತಿತ್ತೆಂದು
ಅವ್ವ ಹೇಳುತ್ತಿದ್ದಳು. ನಾನು ಕಂಡಿಲ್ಲ.
ಆಕೆಗೆ ಅದನ್ನು ಹೇಳಲಿಲ್ಲ.
ಐದೂವರೆ ಅಡಿ, ಮೂರು ಅಡಿ, ಬರೆದುಕೊಂಡೆ.

ಎರಡು ದಿನ ಗೋಡೆಗೆ ಒರಗಿತ್ತು.
ತಾಯಿಯ ಫೋಟೋ ಬಿಡಿಸಿಕೊಳ್ಳಲು ಬಂದ ಲಾರಿ ಡ್ರೈವರು
"ಏನಣ್ಣ ಇದು" ಎಂದು ಬೆರಳಿಟ್ಟೇಬಿಟ್ಟ.
ಗುರುತು ಉಳಿಯಿತು. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.
ಜುಲೇಖಾ ಬಂದು ಬಗ್ಗಿ ನೋಡಿ
"ಯಾರು ಇವರು?" ಎಂದು ಕೇಳಿದಳು,
ಹೊಸ ನೆಂಟರ ಬಗ್ಗೆ ಕೇಳಿದಂತೆ.

ಬಿಲ್ಲು ಬರೆಯಲು ಕೂತೆ.
'ಬಟ್ಟೆ' ಎಂದು ಬರೆದೆ, ಹೊಡೆದುಹಾಕಿದೆ.
'ಚಿತ್ರ' ಎಂದು ಬರೆದೆ, ಅದೂ ಸರಿ ಕಾಣಲಿಲ್ಲ.
ಕೊನೆಗೆ: ಕಲೆ, ಒಂದು. ಗಾಜು ಇಲ್ಲ.
ಯಾವ ಅರ್ಥದಲ್ಲಿ ಬರೆದೆನೋ
ಆಕೆ ಕೇಳಲಿಲ್ಲ, ಸದ್ಯ.

ಅರ್ಧ ದುಡ್ಡು ಕೊಟ್ಟಳು.
ಉಳಿದರ್ಧಕ್ಕೆ ಒಂದು ಚೀಲ ಮಂಡಕ್ಕಿ ಬಂತು.
ಸಂಜೆ ಈರುಳ್ಳಿ ಹೆಚ್ಚಿ, ಒಗ್ಗರಣೆ ಹಾಕಿ
ಮನೆಮಂದಿಯೆಲ್ಲ ಕೂತು ತಿಂದೆವು.
ನನ್ನ ಹಲ್ಲಿಗೊಂದು ಮರಳಿನ ಕಾಳು ಸಿಕ್ಕಿತು.
ಉಗುಳಲಿಲ್ಲ. ನಾಲಗೆಯಲ್ಲಿ ಅತ್ತಿತ್ತ ಹೊರಳಿಸುತ್ತ
ಇದನ್ನು ಎಲ್ಲಿಡಲಿ ಎಂದು
ಸುಮಾರು ಹೊತ್ತು ಕೂತಿದ್ದೆ.