ಏಳು ತಿಂಗಳು ನಿಂತ ಗಾಡಿ

ಕೀ ತಿರುಗಿಸಿದೆ. ಟಕ್.
ಮತ್ತೆ ತಿರುಗಿಸಿದೆ. ಅದೂ ಇಲ್ಲ.
ನಾಳೆ ಮದನಪಲ್ಲಿಯಿಂದ ಗಿರಾಕಿ ಬರುತ್ತಾನೆ
ಗಾಡಿ ನೋಡಲು; ಕೇಳಲು ಅನ್ನಬೇಕು,
ಕಿವಿಯಲ್ಲೇ ವ್ಯಾಪಾರ ಮಾಡುವವರು ಅವರು.

ಚಿಂತಾಮಣಿಯ ಚೇಳೂರು ರಸ್ತೆ, ಕಡಲೆಕಾಯಿ ಮಿಲ್ಲಿನ ಹಿಂದೆ
ಹೊಂಗೆಮರದಡಿ ಏಳು ತಿಂಗಳು.
ಬಾನೆಟ್ಟಿನ ಮೇಲೆ ಹೂ ಉದುರಿ, ಕೊಳೆತು, ಒಣಗಿ
ಯಾರೋ ತುಳಿದುಹೋದ ರಂಗೋಲಿ.
ಒಂದು ಟೈರು ನೆಲಕ್ಕೆ ತುಟಿ ಒತ್ತಿ ಕೂತಿತ್ತು.
ಹಿಂದೆ ಡಾಲಾದ ಮೂಲೆಯಲ್ಲಿ, ಮಣ್ಣು ಕೂತ ಕಡೆ,
ಹಳೆಯ ಲೋಡಿನ ಒಡೆದ ಹಣ್ಣಿನಿಂದ
ಮೂರು ಟೊಮೇಟೊ ಸಸಿ ಎದ್ದು
ಒಂದು ಮಾತ್ರ ಕಾಯಿ ಕಚ್ಚಿತ್ತು.

ಪ್ಯಾರೇಜಾನ್ ಬಂದ. ಟೀ ಆಮೇಲೆ, ಮೊದಲು ಬಿಸಿನೀರು ತನ್ನಿ ಅಂದ.
ಬ್ಯಾಟರಿಯ ನೆತ್ತಿಯಲ್ಲಿ ಹಸಿರು ಬೂಷ್ಟು;
ಸೋಡಾಪುಡಿ ಉದುರಿಸಿ ಹೊಯ್ದ. ಬುಸ್ಸೆಂದಿತು.
"ಸತ್ತಿಲ್ಲಣ್ಣ, ಮುನಿಸಿಕೊಂಡಿದೆ."
ಎದುರುಮನೆ ಟ್ರ್ಯಾಕ್ಟರಿನಿಂದ ಎರಡು ವೈರು ಎಳೆದು ಕೊಟ್ಟ.
ಗರ್ರ್ ಗರ್ರ್ ಗರ್ರ್.
ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ.

ಏರ್ ಫಿಲ್ಟರ್ ಬಿಚ್ಚಿದರೆ ಒಳಗೊಂದು ಸಂಸಾರ:
ಕಡಲೆಸಿಪ್ಪೆ, ಸಿಮೆಂಟುಚೀಲದ ನಾರು,
ನಮ್ಮದೇ ರಸೀದಿಗಳನ್ನು ಕಚ್ಚಿ ಕಚ್ಚಿ ಮಾಡಿದ ಹಾಸಿಗೆ.
ಇಲಿ ಬಾಡಿಗೆ ಕೊಡದೆ ಮನೆ ಖಾಲಿ ಮಾಡಿತ್ತು.
ಒಂದು ಚೂರಿನಲ್ಲಿ ನನ್ನ ಕೈಬರಹ:
"ಕ್ರೇಟು ನೂರನಲವತ್ತು. ಪಿ. ಕೊಟ್ಟದ್ದು"
ಎಷ್ಟು ಅನ್ನುವುದು ಇಲಿಯ ಹೊಟ್ಟೆಯಲ್ಲಿ.

ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿದ.
ಮೊದಲು ನೀರು, ಆಮೇಲೆ ಟೀ ಬಣ್ಣದ್ದೇನೋ, ಆಮೇಲೆ ಡೀಸೆಲ್.
ಕೈಪಂಪು ಒತ್ತಿ ಒತ್ತಿ ನನ್ನ ಹೆಬ್ಬೆರಳಲ್ಲಿ ಬೊಬ್ಬೆ;
ನೊರೆ, ಗುಳ್ಳೆ, ನೊರೆ, ಗುಳ್ಳೆ.
"ಒಳಗಿನ ಗಾಳಿ ಹೋಗದೆ ಎಣ್ಣೆ ಬರಲ್ಲ, ಒತ್ತಿ."
ಗರ್ರ್ ಗರ್ರ್. ಇಲ್ಲ.
ಮಿಲ್ಲಿನ ನಾಲ್ಕು ಹುಡುಗರು ತಳ್ಳಿದರು
ಇಳಿಜಾರಿನ ತನಕ, ಇಳಿಜಾರಿನಲ್ಲಿ,
ಇಳಿಜಾರು ಮುಗಿದ ಮೇಲೂ ಸ್ವಲ್ಪ ದೂರ.
ಅಂಬಾಜಿದುರ್ಗ ಕೂತಲ್ಲೇ ಕೂತು ನೋಡಿತು.

ಟೆಸ್ಟ್ ಲ್ಯಾಂಪಿನ ಮೊನೆಯನ್ನು ಪಂಪಿಗೆ ತಾಗಿಸಿದ. ಕತ್ತಲೆ.
"ಕರೆಂಟು ಇಲ್ಲಿಗೆ ಬರೋದೇ ಇಲ್ಲ.
ಕಳ್ಳ ಸ್ವಿಚ್ಚು ಏನಾದರೂ ಇಟ್ಟಿದ್ರಾ?"

ನನಗೇನು ಗೊತ್ತು.
ಓಡಿಸುತ್ತಿದ್ದವನು ಪಿಳ್ಳಪ್ಪ, ನನ್ನ ಷಡ್ಡಕ.
ಲೆಕ್ಕ ಬರೆಯುತ್ತಿದ್ದವನು ನಾನು.
ಒಂದು ಟ್ರಿಪ್ಪಿನ ಬಾಡಿಗೆ, ಸಾವಿರದ ಎಂಟುನೂರು:
ಕೊಟ್ಟೆ ಅಂದ ಅವನು,
ಪುಸ್ತಕದಲ್ಲಿ ಇಲ್ಲ ಅಂದೆ ನಾನು.
ಕೀಯನ್ನು ನನ್ನ ಕಾಲ ಬಳಿ ಎಸೆದು ಹೋಗಿದ್ದ.
ಈಗಲೂ ಅಕ್ಕತಂಗಿಯರು ಫೋನಿನಲ್ಲಿ ಮಾತಿಗೆ ಕೂತರೆ
ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತೇನೆ.

ಹೆಂಡತಿಯೇ ನಂಬರು ಒತ್ತಿ ನನ್ನ ಕಿವಿಗೆ ಹಿಡಿದಳು.
"ಸ್ವಿಚ್ಚು" ಅಂದೆ. ಹಲೋ ಕೂಡ ಅನ್ನಲಿಲ್ಲ.
ಆ ಕಡೆ ಸ್ವಲ್ಪ ಹೊತ್ತು ಬರೀ ಕೋಳಿಗಳ ಸದ್ದು.
"ಡ್ರೈವರ್ ಸೀಟು ಎತ್ತು. ಜಾಕಿನ ಹಿಂದೆ."

ಮನೆಯ ಫ್ಯಾನಿಗೆ ಹಾಕುವಂಥ ಬಿಳೀ ಸ್ವಿಚ್ಚು.
ಅದಕ್ಕೂ ಇಟ್ಟಿದ್ದ, ಆಯುಧಪೂಜೆಯ ಕುಂಕುಮ.
ಗಾಡಿಯ ಹಣೆಯದ್ದು ಮಳೆಗೆ ಹೋಗಿತ್ತು,
ಇದು ಹಾಗೇ ಇತ್ತು.

ಒತ್ತಿದೆ. ಗರ್ರ್, ಕೆಮ್ಮಿತು,
ಬಿಳಿ ಹೊಗೆ, ಕರಿ ಹೊಗೆ,
ಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು.
ಫೋನು ಇನ್ನೂ ಕಟ್ಟಾಗಿರಲಿಲ್ಲ.
"ಬೆಲ್ಟು ಸಡಿಲ ಆಗಿದೆ" ಅಂದ ಪಿಳ್ಳಪ್ಪ,
"ಕಿರುಚ್ತಿದೆ ನೋಡು."
ಇಟ್ಟುಬಿಟ್ಟ.

"ಆಫ್ ಮಾಡಬೇಡಿ, ಅರ್ಧ ಗಂಟೆ ಓಡಿಸಿ,
ಬ್ಯಾಟರಿಗೆ ಜೀವ ಬರಲಿ."
ಪಿಳ್ಳಪ್ಪನ ಊರು ಎಡಕ್ಕೆ, ಇಪ್ಪತ್ತು ನಿಮಿಷ.
ನಾನು ಬಲಕ್ಕೆ ತಿರುಗಿಸಿದೆ, ಗೇರು ಕರಕರ ಅನ್ನಿಸುತ್ತ.
ದಾರಿಯುದ್ದಕ್ಕೂ ಬೆಲ್ಟು ಕಿರುಚುತ್ತಲೇ ಇತ್ತು.
ಅಂಗಿಜೇಬಿನಲ್ಲಿ ಇಲಿ ಬಿಟ್ಟ ರಸೀದಿ.
ಹಿಂದೆ ಡಾಲಾದಲ್ಲಿ ಆ ಒಂದು ಕಾಯಿ
ತಲೆಯಾಡಿಸುತ್ತಿದ್ದಿರಬೇಕು;
ಕನ್ನಡಿಯಲ್ಲಿ ಕಾಣಲಿಲ್ಲ.