ಶಾಶ್ವತವಾಗಿ ಮುಚ್ಚಿದೆ

ಗಂಟಲಿನ ಗಂಟು ತೆಗೆದರು ಸ್ಟೋಕ್‌ನ ಆಸ್ಪತ್ರೆಯಲ್ಲಿ,
ಅದರ ಜೊತೆ ಯಾವುದೋ ಎಳೆಯೂ ಹೋಯಿತು.
ಎಚ್ಚರಾದಾಗ ನೀರು ಕೇಳಿದೆ;
ಬಂದದ್ದು ಗಾಳಿ.

ಹನ್ನೊಂದು ವರ್ಷ ನನ್ನ ಸ್ವರವೇ ನನ್ನ ಸಂಬಳ.
ಗ್ಯಾಸ್ ಕಂಪನಿಯ ಕಾಲ್ ಸೆಂಟರಿನಲ್ಲಿ
ಬಿಲ್ಲು ಕಟ್ಟಲಾಗದವರ ಬೈಗುಳ ತಿಂದು
‘ಇನ್ನೇನಾದರೂ ಸಹಾಯ ಬೇಕೇ’ ಅಂದ ಸ್ವರ;
ಭಾನುವಾರ ಬರ್ಸ್ಲೆಮ್ಮಿನ ಇಟ್ಟಿಗೆ ಚಾಪೆಲಿನಲ್ಲಿ
ಎರಡನೇ ಸಾಲಿನಲ್ಲಿ ನಿಂತು ಕೆಳದನಿ ಹಿಡಿದ ಸ್ವರ.
ಆರು ತಿಂಗಳಾದ ಮೇಲೆ ಕಂಪನಿಯವರು
ಬಹಳ ಮರ್ಯಾದೆಯ ಕಾಗದ ಬರೆದರು.
ಮಡಿಸಿ ಚಹಾ ಡಬ್ಬಿಯ ಅಡಿಗಿಟ್ಟೆ.
ಬಾಡಿಗೆ, ಮೀಟರಿನ ಚಿಲ್ಲರೆ, ಜೆಮೀಮಳ ಶಾಲೆಯ ಬೂಟು
ಯಾವುದೂ ಡಬ್ಬಿಯ ಅಡಿ ಹಿಡಿಸಲಿಲ್ಲ.

ಪ್ರಾರ್ಥಿಸಲಿಲ್ಲ ಅಂತಲ್ಲ. ಪ್ರಾರ್ಥನೆಗೂ
ಸ್ವರ ಬೇಕು ಅಂತ ಎಲ್ಲೋ ನಂಬಿದ್ದೆ, ಕಾಣುತ್ತದೆ.
ಮೊಣಕಾಲೂರಿ, ಬಾಯಿ ತೆರೆದು,
ಸೋರುವ ಕೊಳವೆಯ ಹಾಗೆ ಕೂತಿರುತ್ತಿದ್ದೆ.
ಒಂದು ರಾತ್ರಿ ಆ ಸದ್ದಿಗೆ ನನಗೇ ನಗು ಬಂತು.
ನಗುವೂ ಗಾಳಿಯೇ.

ಆ ಭಾನುವಾರ ಪಾದ್ರಿ ಓದಿದ್ದು
ದೇಗುಲದೊಳಗೆ ಮೂಕನಾದ ಮುದುಕನ ಕತೆ.
ಉಳಿದವರು ದೇವದೂತನನ್ನು ಕೇಳಿಸಿಕೊಂಡಿರಬೇಕು.
ನನಗೆ ಕೇಳಿಸಿದ್ದು ಇಷ್ಟೆ:
ಅವನು ಹಲಗೆ ತರಿಸಿದ. ಬರೆದ.

ಹಲಗೆ ನನ್ನಲ್ಲೂ ಉಂಟು. ಮೂಲೆ ಒಡೆದ ಲ್ಯಾಪ್‌ಟಾಪು,
‘ಇ’ ಒತ್ತಿದರೆ ಎರಡೆರಡು ಬೀಳುವುದು.

ಅಜ್ಜ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ
ಮೊಳೆ ಜೋಡಿಸುತ್ತಿದ್ದವರು;
ಒತ್ತಕ್ಷರದ ಕನ್ನಡಿಬಿಂಬ ಅವರ ಬೆರಳಿಗೇ ಗೊತ್ತಿತ್ತು.
‘ತಿರುಗಾಮುರುಗಾ ಕಂಡರೆ ಹೆದರಬೇಡ ಮಗಾ,
ಅದು ಕಾಗದದ ಕಡೆಗೆ ಮುಖ ಮಾಡಿದೆ, ಅಷ್ಟೆ.’

ಲೈಬ್ರರಿಯಲ್ಲಿ ಬಿಟ್ಟಿ ಪಾಠ, ಮಂಗಳವಾರ, ಗುರುವಾರ.
ಪುಟ ಕಟ್ಟುವುದು, ಚಿತ್ರ ಕತ್ತರಿಸುವುದು,
ಅಂಗಡಿಯನ್ನು ನಕಾಶೆಗೆ ಏರಿಸುವುದು.
ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ.

ನಮ್ಮ ಬೀದಿಯ ಮೂಲೆಗೆ ಬೆರಿಲಳ ಓಟ್‌ಕೇಕ್ ಅಂಗಡಿ.
ಬೆಳಗಿನ ಐದಕ್ಕೇ ಕಾವಲಿ ಕಾಯುತ್ತದೆ.
ಕಂದುಬಣ್ಣದ ನೀರುದೋಸೆ ಅಂದುಕೊಳ್ಳಿ,
ಮೈತುಂಬ ತೂತು, ಮಡಿಸಿದರೆ ಒಳಗೆ ಚೀಸು.
‘ಈಚೆಗೆ ಯಾಕೋ ಹೊಸಬರೇ ಬರುತ್ತಿಲ್ಲ’ ಅಂದಳು.
ಫೋನಿನಲ್ಲಿ ನಕಾಶೆ ತೆರೆದು ತೋರಿಸಿದೆ:
ಅವಳ ಹೆಸರು, ಅದರ ಕೆಳಗೆ ಕೆಂಪಕ್ಷರ,
ಶಾಶ್ವತವಾಗಿ ಮುಚ್ಚಿದೆ.

ಬೆರಿಲ್ ಸೌಟು ಹಿಡಿದು ನಿಂತೇ ಇದ್ದಳು.
‘ನಾನಿಲ್ಲೇ ಇದ್ದೇನಲ್ಲ!’
ಕಾವಲಿಯ ಮೇಲಿನದು ಸೀದುಹೋಯಿತು.

ಯಾರು ಹಾಗೆ ಬರೆದರೋ, ಕಂಪ್ಯೂಟರಿಗೂ ಗೊತ್ತಿಲ್ಲ.
ಹದಿನಾರು ದಿನ ಆ ಎರಡು ಪದಗಳ ಬೆನ್ನು ಹತ್ತಿದೆ.
ಬಾಗಿಲ ಫೋಟೊ, ಕರೆಂಟು ಬಿಲ್ಲು, ಹಬೆಯಾಡುವ ಕಾವಲಿ,
ಇದು ಬದುಕಿದೆ ಅನ್ನುವುದಕ್ಕೆ ಸಾಕ್ಷಿಯ ಮೇಲೆ ಸಾಕ್ಷಿ.
‘ಫೋನು ಮಾಡಿ ಕೇಳಮ್ಮ’ ಅಂದಳು ಜೆಮೀಮ,
ಅಂದವಳು ನಾಲಗೆ ಕಚ್ಚಿಕೊಂಡಳು.

ಹದಿನೇಳನೆಯ ಬೆಳಗ್ಗೆ, ಕತ್ತಲಿನ್ನೂ ಇತ್ತು,
ನೋಡಿದರೆ: ತೆರೆದಿದೆ. ಎರಡು ಗಂಟೆಗೆ ಮುಚ್ಚುವುದು.
ಅಷ್ಟೆ. ತುತ್ತೂರಿ ಯಾರೂ ಊದಲಿಲ್ಲ.
ಮನೆಚಪ್ಪಲಿಯಲ್ಲೇ ಮೂಲೆಯ ತನಕ ಓಡಿದೆ.

ಹಿಟ್ಟಿನ ಕೈಯಲ್ಲಿ ಎಂಬತ್ತು ಪೌಂಡು ಎಣಿಸಿ ಕೊಟ್ಟಳು,
ಮೇಲೊಂದು ಡಜನ್ ಓಟ್‌ಕೇಕು.
ಹತ್ತರಲ್ಲೊಂದು ದೇವರದ್ದು, ಅಜ್ಜನ ಕಾಲದ ಲೆಕ್ಕ.
ಎಂಟು ಪೌಂಡು ಲಕೋಟೆಗೆ ಹಾಕುವಾಗ
ಬೂಟು ನೆನಪಾಗಿ ಕೈ ತಡೆಯಿತು. ಐದು ಹಾಕಿದೆ.
ಮೂರು ಪೌಂಡು ಸಾಲ ಇನ್ನೂ ಉಂಟು ಅವನಿಗೆ.

ಈಗ ಒಂಬತ್ತು ಗಿರಾಕಿಗಳು. ಕಾರ್ಡಿನಲ್ಲಿ ನನ್ನ ಹೆಸರು,
ಸುಗಂಧಿ ಸಾಲಿನ್ಸ್, ಅದರ ಕೆಳಗೆ:
ದಯವಿಟ್ಟು ಬರೆದು ಕೇಳಿ.
ಭಾನುವಾರ ಅದೇ ಸಾಲಿನಲ್ಲಿ ನಿಲ್ಲುತ್ತೇನೆ,
ಬಾಯಿ ತೆರೆಯುತ್ತೇನೆ, ಪುಟ ತಿರುವುತ್ತೇನೆ.
ಪಕ್ಕದವಳು ನನ್ನ ಕೆಳದನಿಗೆ ಜಾಗ ಬಿಟ್ಟೇ ಹಾಡುತ್ತಾಳೆ.

‘ಇ’ ಮಾತ್ರ ರಿಪೇರಿಯಾಗಿಲ್ಲ.
ಬೆರಿಲಳ ಪುಟದಲ್ಲಿ ‘ಓಪನ್’ ಅನ್ನುವಲ್ಲಿ
ಒಂದು ಹೆಚ್ಚಿಗೆ ಬಿದ್ದಿದೆ.
ತೆಗೆಯಬೇಕು, ನಾಳೆ.